ಅವ್ವ ಗುರುತು ಹಿಡಿಯದ ಹೊಲಿಗೆ

ಮಗಳ ಶಾಲೆಯಲ್ಲಿ ಈಚೆಗೆ ಪೋಷಕರ ಸಭೆ ಇತ್ತು. ಹದಿಹರೆಯದ ಮಕ್ಕಳನ್ನು ಹೇಗೆ ಬೆಳೆಸಬೇಕು ಎಂದು ಹೇಳಿಕೊಡಲು ಒಬ್ಬರನ್ನು ಕರೆಸಿದ್ದರು. ತೀರಾ ಬಿಗಿ ಹಿಡಿಯಬೇಡಿ, ಹಾಗಂತ ತೀರಾ ಸಡಿಲವೂ ಬಿಡಬೇಡಿ, ಮಕ್ಕಳನ್ನು ನಂಬಿ ಎಂದು ಅವರು ಮೈಕಿನಲ್ಲಿ ಹೇಳಿದರು. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಆದರೆ ‘ನಂಬಿ’ ಎಂದಾಗ ಒಳಗೊಳಗೇ ನನಗೆ ಮೈ ಉರಿದುಹೋಯಿತು. ನನ್ನನ್ನು ಅವ್ವ ನಂಬದೆ ಬೆಳೆಸಿದಳು, ಅಪ್ಪ ನಂಬಿ ಬೆಳೆಸಿದ. ಹತ್ತನೇ ಕ್ಲಾಸಿನ ಸಂಕ್ರಾಂತಿ ರಜೆಯಲ್ಲಿ ಇಬ್ಬರೂ ಸೇರಿ ನನ್ನನ್ನು ಹಣ್ಣುಗಾಯಿ ನೀರುಗಾಯಿ ಮಾಡಿದರು.

ಆಗ ನಾವು ಬಳ್ಳಾರಿಯಾಚೆ, ಕನ್ನಡ ತೆಲುಗು ಎರಡೂ ಆಡುವ ರಾಯದುರ್ಗದಲ್ಲಿದ್ದೆವು. ಕೋಟೆ ಬೆಟ್ಟದ ಕೆಳಗಿನ ಓಣಿ. ಮನೆಗಳಿಗಿಂತ ಜೀನ್ಸ್ ಹೊಲಿಯುವ ಶೆಡ್ಡುಗಳೇ ಹೆಚ್ಚು. ಅವ್ವ ಅದೇ ಊರಿನವಳು, ಪಕ್ಕದ ಶೆಡ್ಡಿನಲ್ಲಿ ಪ್ಯಾಂಟುಗಳಿಗೆ ಪಕ್ಕದ ಹೊಲಿಗೆ ಹಾಕುತ್ತಿದ್ದಳು. ಬೇರೆ ತಾಯಂದಿರು ಮಕ್ಕಳ ಮುಖ ನೋಡಿ ಸುಳ್ಳು ಹಿಡಿದರೆ ಅವ್ವ ಬಟ್ಟೆ ನೋಡಿ ಹಿಡಿಯುತ್ತಿದ್ದಳು. ಶಾಲೆಯಿಂದ ಬಂದು ಯೂನಿಫಾರ್ಮ್ ಬಿಚ್ಚಿ ಹಾಕಿದರೆ ಸಾಕು, ಅದನ್ನು ಒಳಹೊರಗು ಮಾಡಿ ಬೆಳಕಿಗೆ ಹಿಡಿಯುವಳು. ಲಂಗದ ಅಂಚಿನಲ್ಲಿ ಕೆಂಪು ಧೂಳಿದ್ದರೆ ಓಬಳಾಪುರದ ಅದಿರಿನ ಲಾರಿಗಳು ಓಡಾಡುವ ರಸ್ತೆಗೆ ಹೋಗಿದ್ದೇನೆ ಎಂದು ಅರ್ಥ. ಕಂಕುಳ ಹೊಲಿಗೆ ಬಿಟ್ಟಿದ್ದರೆ ಇನ್ನೇನೋ ಅರ್ಥ.

“ಗ್ವಾಡಿ ಹತ್ತಿದ್ದೇನ?”

“ಇಲ್ಲವ್ವಾ.”

“ಮತ್ತ ಬಗಲಾಗ ಯಾಕ ಬಿಟ್ಟೈತಿ? ನೀ ಸುಳ್ಳು ಹೇಳ್ಬಹುದು, ನಾ ಹೊಲ್ದ ಬಟ್ಟಿ ಹೇಳಂಗಿಲ್ಲ.”

ಬೈಗುಳವಿಲ್ಲ, ಏಟಿಲ್ಲ. ಪಕ್ಕದ ಮನೆಯ ಗೆಳತಿಗೆ ಅವಳವ್ವ ಪೊರಕೆ ಮುರಿಯುವ ಹಾಗೆ ಬಾರಿಸಿ, ಆಮೇಲೆ ತಾನೇ ಅತ್ತು, ಬೆಲ್ಲ ಕೊಟ್ಟು ಸಮಾಧಾನ ಮಾಡುತ್ತಿದ್ದಳು. ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ನಮ್ಮವ್ವ ಮಾತ್ರ ಪೊಲೀಸರ ಹಾಗೆ ತಪಾಸಣೆ ಮಾಡಿ, ಬಟ್ಟೆ ಮಡಿಸಿಟ್ಟು, ಸುಮ್ಮನೆ ನೋಡುವಳು. ಆ ನೋಟ ತಡೆಯಲಾರದೆ ನಾನು ಮಾಡದ ತಪ್ಪನ್ನೂ ಒಪ್ಪಿಕೊಂಡದ್ದುಂಟು.

ಹೊಲಿಗೆ ನೋಡಿ ಮನುಷ್ಯರನ್ನು ಹಿಡಿಯುವುದು ಅವ್ವನೊಬ್ಬಳ ಹುಚ್ಚೇನೂ ಅಲ್ಲ. ನಮ್ಮ ಓಣಿಯಲ್ಲಿ ಒಬ್ಬೊಬ್ಬರ ಕೈಬರಹ ಗುರುತು ಸಿಕ್ಕಂತೆ ಒಬ್ಬೊಬ್ಬರ ಹೊಲಿಗೆಯೂ ಗುರುತು ಸಿಗುತ್ತಿತ್ತು. ಬಳ್ಳಾರಿಗೆ ಹೋದ ಪ್ಯಾಂಟು ಕೆಟ್ಟಿದೆ ಎಂದು ವಾಪಸು ಬಂದರೆ ಶೆಡ್ಡಿನ ಯಜಮಾನ ಅದನ್ನು ಒಂದು ಸಲ ಮಗುಚಿ ನೋಡಿ, ಇದು ಇಂಥವನದು ಎನ್ನುತ್ತಿದ್ದ. ಹೇಳಿಸಿಕೊಂಡವನು ವಾದ ಮಾಡದೆ ಬಿಚ್ಚಲು ಕೂರುತ್ತಿದ್ದ.

ಇಡೀ ಓಣಿಗೆ ಚೆಂದದ ಹೊಲಿಗೆ ಎಂದರೆ ಅಪ್ಪನದು. ಅಪ್ಪ ಮಡಕಶಿರಾ ಕಡೆಯವನು. ಹೇಮಾವತಿ ಎಂಬ ಊರಿನ ಹತ್ತಿರದ ಹಳ್ಳಿಯಲ್ಲಿ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿ, ಹೊಲಿಗೆ ಕಲಿತು, ಕೆಲಸ ಹುಡುಕಿಕೊಂಡು ರಾಯದುರ್ಗಕ್ಕೆ ಬಂದ. ಶೆಡ್ಡಿನಲ್ಲಿ ಅವ್ವನಿಗೆ ಮಷಿನ್ ಕಲಿಸುತ್ತಾ ಕಲಿಸುತ್ತಾ ಅವ್ವನನ್ನೇ ಕಟ್ಟಿಕೊಂಡ. ಅವನು ಜೋಡಿ ಹೊಲಿಗೆ ಹಾಕಿದರೆ ಸ್ಕೇಲಿಟ್ಟು ಗೆರೆ ಎಳೆದ ಹಾಗಿರುತ್ತಿತ್ತು. ಮುಗಿಸುವಾಗ ಎಲ್ಲರೂ ಹಿಂದಕ್ಕೂ ಮುಂದಕ್ಕೂ ಹೊಡೆದು ದಾರ ಕತ್ತರಿಸಿದರೆ, ಅಪ್ಪ ಬಟ್ಟೆಯನ್ನು ಒಂಚೂರು ಓರೆ ಮಾಡಿ, ಅಡ್ಡಕ್ಕೆ ಚಿಕ್ಕದೊಂದು ಹೊಲಿಗೆ ಕೂರಿಸಿ ಎದ್ದೇಳುತ್ತಿದ್ದ. “ನಿಮ್ಮಪ್ಪನ ಸಹಿ ನೋಡು,” ಎಂದು ಅವ್ವ ನಗುತ್ತಿದ್ದಳು. ಅವಳು ನಗುತ್ತಿದ್ದುದು ಕಡಿಮೆ, ಅದಕ್ಕೇ ನೆನಪಿದೆ.

ಮಗಳನ್ನು ಬೆಳೆಸುವುದರಲ್ಲಿ ಅಪ್ಪನದು ಬೇರೆಯೇ ದಾರಿ. ಕೇಳುವುದಿಲ್ಲ, ಹುಡುಕುವುದಿಲ್ಲ, ಏನು ಹೇಳಿದರೂ “ಸರಿ ಬಿಡು ಮಗಾ” ಎನ್ನುವುದು. ರಾಯದುರ್ಗದಲ್ಲಿ ಆರ್ಡರು ಇಳಿದಾಗ ಅವನು ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋದ. ಆಮೇಲೆ ಅಪ್ಪ ಎಂದರೆ ನನಗೆ ಭಾನುವಾರದ ಫೋನು. “ಊಟ ಆಯ್ತಾ ಮಗಾ? ಓದ್ತಾ ಇದೀಯಾ? ಸರಿ, ನಿಮ್ಮಮ್ಮಂಗೆ ಕೊಡು.” ಇಷ್ಟೇ. ಆದರೂ ನನಗೆ ಅಪ್ಪನೇ ಇಷ್ಟ. ದೂರ ಇರುವವರನ್ನು ಇಷ್ಟಪಡುವುದು ಸುಲಭ.

ಆ ಸಂಕ್ರಾಂತಿಗೆ ಅವ್ವನ ಶೆಡ್ಡಿಗೆ ಒಮ್ಮೆಲೇ ಕೆಲಸ ಬಂದಿತ್ತು. ರಜೆಯಲ್ಲಿ ನಾನು ಮನೆಯಲ್ಲಿ ಒಬ್ಬಳೇ ಇರುವುದು ಅವಳಿಗೆ ಸುತರಾಂ ಇಷ್ಟವಿರಲಿಲ್ಲ. ಸುತ್ತಲೂ ಶೆಡ್ಡು, ಶೆಡ್ಡಿನ ತುಂಬ ಹೊಲಿಗೆ ಕಲಿಯುವ ಹುಡುಗರು. ಅದಕ್ಕಿಂತ ತನ್ನ ಅತ್ತೆಯ, ಅಂದರೆ ನನ್ನ ಅಜ್ಜಿಯ, ಊರಿನ ಕುರಿಗಳೇ ವಾಸಿ ಎಂದುಕೊಂಡು ನನ್ನನ್ನು ಬಸ್ಸು ಹತ್ತಿಸಿದಳು. ಪುಸ್ತಕ ತುಂಬಿದ ಚೀಲದ ಪಟ್ಟಿ ಎಳೆದೆಳೆದು ನೋಡಿದಳು. ಕಂಡಕ್ಟರನಿಗೆ ತೆಲುಗಿನಲ್ಲಿ, “ಅಣ್ಣಾ, ಪಾಪ ಜಾಗ್ರತ್ತ,” ಮಗು ಜೋಪಾನ, ಎಂದು ನನ್ನನ್ನು ಒಪ್ಪಿಸಿದಳು. ಅವನು ನನ್ನನ್ನು ಪಾರ್ಸಲಿನಂತೆ ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಕಲ್ಯಾಣದುರ್ಗ, ಪಾವಗಡ ದಾಟಿ ಮಡಕಶಿರಾದಲ್ಲಿ ಇಳಿಯುವ ಗದ್ದಲದಲ್ಲಿ ಯಾರದೋ ಮೂಟೆಗೆ ಸಿಕ್ಕಿ ಚೀಲದ ಪಟ್ಟಿ ಹರಿದೇಹೋಯಿತು.

ಆ ಕಡೆ ಹೋಗುವವರ ಕೈಲಿ ಅವ್ವ ಮೊದಲೇ ಹೇಳಿ ಕಳಿಸಿದ್ದರಿಂದ ಅಜ್ಜಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು. ಯಾವಾಗಲೂ ದೂರದಿಂದಲೇ ಕೂಗು ಹಾಕುವವಳು ಅಂದು ಮೆತ್ತಗಿದ್ದಳು. ನನ್ನ ಕೆನ್ನೆ ಸವರಿ, “ಮನೆಗೋದ್ಮ್ಯಾಲೆ ಕಿರುಚ್ಕಬ್ಯಾಡ ಕಣಮ್ಮಿ,” ಎಂದಳು.

“ಯಾಕಜ್ಜಿ?”

“ನೋಡ್ದಾಗ ಗೊತ್ತಾಯ್ತದೆ.”

ಹಾವು ಗೀವು ಇರಬೇಕು ಎಂದುಕೊಂಡೆ. ಮನೆ ಸೇರಿ, ಚಪ್ಪಲಿ ಬಿಡುತ್ತಿದ್ದಾಗ ಕುರಿ ರೊಪ್ಪದ ಹಿಂದಿನಿಂದ ಅಪ್ಪ ಬಂದ. ಹೆಗಲ ಮೇಲೆ ಸೊಪ್ಪಿನ ಹೊರೆ, ಎಡಗೈಗೆ ಟವೆಲು ಸುತ್ತಿತ್ತು. ಬೆಂಗಳೂರಿನಲ್ಲಿರಬೇಕಾದ ಮನುಷ್ಯ. ಹೋದ ಭಾನುವಾರ ತಾನೇ ಫೋನಿನಲ್ಲಿ, ‘ಇಲ್ಲಿ ಟ್ರಾಫಿಕ್ಕು ಜಾಸ್ತಿ’ ಎಂದಿದ್ದ ಮನುಷ್ಯ. ಅಜ್ಜಿ ಬೇಡ ಎಂದಿದ್ದರೂ ನಾನು ಕಿರುಚಿದೆ.

“ಅಯ್ಯೋ, ಸುಮ್ನಿರು ಮಗಾ, ಅಕ್ಕಪಕ್ಕದೋರು ಬತ್ತಾರೆ.”

“ನೀ ಇಲ್ಲಿ ಯಾಕ ಅದಿ? ಯಾವಾಗ ಬಂದಿ? ಅವ್ವಂಗ ಗೊತ್ತೈತಿ?”

ಅಪ್ಪ ಉತ್ತರ ಹೇಳುವ ಬದಲು ಟವೆಲು ಬಿಚ್ಚಿದ. ಎಡಗೈಯ ತೋರುಬೆರಳು, ನಡುಬೆರಳು ಎರಡೂ ಇರಲಿಲ್ಲ. ಇದ್ದ ಜಾಗದಲ್ಲಿ ಚರ್ಮ ನುಣ್ಣಗೆ ಮುಚ್ಚಿಕೊಂಡು ಹೊಳೆಯುತ್ತಿತ್ತು. ನಾನು ಜಗಲಿಯ ಮೇಲೆ ಕುಕ್ಕರಿಸಿದೆ. ಅಜ್ಜಿ ಒಳಗೆ ಹೋಗಿ ನೀರು ತಂದಳು.

ಫ್ಯಾಕ್ಟರಿಯಲ್ಲಿ ಅವನನ್ನು ಹೊಲಿಗೆಯಿಂದ ತೆಗೆದು ಬಟ್ಟೆ ಕತ್ತರಿಸುವ ಕಡೆಗೆ ಹಾಕಿದ್ದರಂತೆ. ಥಾನುಗಟ್ಟಲೆ ಬಟ್ಟೆ ಪೇರಿಸಿ ಒಂದೇ ಸಲ ಕೊಯ್ಯುವ ಬ್ಲೇಡು. “ನೋವೇ ಗೊತ್ತಾಗ್ಲಿಲ್ಲ ಮಗಾ. ಬಟ್ಟೆ ಕೆಂಪಗಾಯ್ತಲ್ಲ ಅಂತ ನೋಡ್ದೆ, ಅಷ್ಟೇ.” ಗಾಯ ಮಾಯ್ದ ಮೇಲೆ ರಾಯದುರ್ಗಕ್ಕೆ ಬರದೆ ನೇರ ತನ್ನ ತಾಯಿಯ ಹತ್ತಿರ ಬಂದಿದ್ದ. ಮಳೆಗಾಲದಿಂದಲೂ ಕುರಿ ಮೇಯಿಸಿಕೊಂಡು ಅಲ್ಲೇ ಇದ್ದ.

“ಅವ್ವಂಗ ಯಾಕ ಹೇಳಿಲ್ಲ?”

“ಹೇಳ್ತೀನಿ. ಎಂಗೆ ಹೇಳ್ಲಿ ಅಂತ ನೋಡ್ತಾ ಇದೀನಿ. ನನ್ ಹೊಲಿಗೆ ನೋಡೇ ಅಲ್ವಾ ಅವ್ಳು ನನ್ನ ಒಪ್ಪಿದ್ದು?”

ಮರುದಿನವೇ ಭಾನುವಾರ. ಮನೆಯ ಹಿಂದಿನ ಬಂಡೆ ಹತ್ತಿದರೆ ಮಾತ್ರ ಫೋನಿಗೆ ಸಿಗ್ನಲು. ಅಪ್ಪ ಬಂಡೆಯ ಮೇಲೆ ಕೂತು ಅವ್ವನಿಗೆ ಫೋನು ಮಾಡಿದ. ನಾನು ಪಕ್ಕದಲ್ಲೇ ಇದ್ದೆ. “ಹೂಂ, ರೂಮಲ್ಲೇ ಇದೀನಿ. ಮಗಳು ಹೊರಟ್ಳಾ? ಸೇರಿರ್ತಾಳೆ ಬಿಡು, ಅಮ್ಮನ ಹತ್ರ ಫೋನಿಲ್ವಲ್ಲ.” ಕೆಳಗೆ ಕುರಿಯೊಂದು ಬಾಯಿಬಿಟ್ಟು ಅರಚಿತು. ಅವ್ವ ಏನೋ ಕೇಳಿರಬೇಕು. “ಅದಾ? ಯಾರೋ ಬೀದೀಲಿ ಕುರಿ ಹೊಡ್ಕೊಂಡ್ ಹೋಗ್ತಾವ್ರೆ. ಹಬ್ಬ ಅಲ್ವಾ,” ಎಂದು ರೆಪ್ಪೆ ಬಡಿಯದೆ ಹೇಳಿದ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಗೋಡೆ ಹತ್ತಿಲ್ಲ ಎನ್ನುವಷ್ಟು ಸಣ್ಣ ಸುಳ್ಳಿಗೆ ನನ್ನ ನಾಲಿಗೆ ತೊದಲುತ್ತಿತ್ತು. ಈ ಮನುಷ್ಯ ಮಗಳ ಮುಂದೆ ಕೂತು, ಆ ಮಗಳು ಎಲ್ಲಿದ್ದಾಳೆ ಎಂದು ಅವಳ ತಾಯಿಯನ್ನೇ ವಿಚಾರಿಸುತ್ತಿದ್ದ!

ಉಳಿದ ದಿನಗಳು ಚೆನ್ನಾಗಿಯೇ ಹೋದವು, ಅದನ್ನೂ ಹೇಳಬೇಕು. ಅಜ್ಜಿ ಮೊಮ್ಮಗಳನ್ನೂ ಕುರಿಗಳನ್ನೂ ಒಂದೇ ರೀತಿ ನೋಡಿಕೊಳ್ಳುವವಳು. ಎಲ್ಲಿಗಾದರೂ ಹೋಗು, ಕತ್ತಲಾಗುವುದರೊಳಗೆ ಬಾ, ಬಾರದಿದ್ದರೆ ಏಳು ಕೇರಿಗೆ ಕೇಳುವಂತೆ ಬೈಗುಳ. ಬೈದು ಮುಗಿದ ಮೇಲೆ ಅವರೆಕಾಯಿ ಸಾರು, ಮುದ್ದೆ. ನಾನು ಅಪ್ಪನ ಜೊತೆ ಕುರಿ ಹಿಂದೆ ತಿರುಗಿ, ಹೇಮಾವತಿಯ ಗುಡಿಯ ನೆರಳಲ್ಲಿ ಕೂತು ಓದಿದೆ.

ಹೊರಡುವ ಹಿಂದಿನ ದಿನ ಅಪ್ಪ ನನ್ನ ಚೀಲದ ಪಟ್ಟಿ ಹೊಲಿಯಲು ಕೂತ. ಅವನು ಹೊಲಿಗೆ ಕಲಿತ ಹಳೆಯ ಕಾಲ್ತುಳಿ ಮಷಿನ್ ಮೂಲೆಯಲ್ಲಿತ್ತು. ಹಿಂದೆ ಯಾವಾಗಲೋ ರಾಯದುರ್ಗದಿಂದ ತಂದಿಟ್ಟಿದ್ದ ಹಳದಿ ಜೀನ್ಸ್ ದಾರ ಪೋಣಿಸಿದ. ಹಳೆಯ ಪ್ಯಾಂಟಿನ ಕಾಲಿನಿಂದ ಒಂದು ತುಂಡು ಕತ್ತರಿಸಿ, ಹೆಗಲಿಗೆ ಒತ್ತದಿರಲಿ ಎಂದು ಪಟ್ಟಿಯ ಒಳಗೆ ಮಡಚಿಟ್ಟ. ಅಷ್ಟರವರೆಗೆ ಅವನು ಹಳೆಯ ಅಪ್ಪನೇ. ಆಮೇಲೆ ಚಕ್ರ ತಿರುಗಿತು. ಬಟ್ಟೆಯನ್ನು ಹಿಡಿದು ದಾರಿ ತೋರಿಸಬೇಕಾದ ಬೆರಳುಗಳಿಲ್ಲ. ಅಂಗೈಯ ಅಂಚಿನಿಂದ ಒತ್ತಿದರೆ ಬಟ್ಟೆ ಅತ್ತ ಜಾರುತ್ತಿತ್ತು, ಎಳೆದರೆ ಇತ್ತ ಬರುತ್ತಿತ್ತು. ಜಗಲಿಯಲ್ಲಿ ತಣ್ಣಗೆ ಗಾಳಿ ಬೀಸುತ್ತಿದ್ದರೂ ಅವನ ಹಣೆಯಿಂದ ಬೆವರು ಇಳಿಯಿತು.

“ಕೊಡಪ್ಪಾ, ನಾ ಕೈಸೂಜಿಲೆ ಹಾಕ್ತೀನಿ.”

“ಸುಮ್ನಿರು ಅಂದ್ನಲ್ಲ!” ಅಪ್ಪ ನನಗೆ ರೇಗಿದ್ದು ಜನ್ಮದಲ್ಲಿ ಅದೇ ಮೊದಲು. ಹೊಲಿಗೆ ಡೊಂಕು ಡೊಂಕಾಗಿ ಹೋಗಿ ಹೇಗೋ ಮುಗಿಯಿತು. ಚೀಲವನ್ನು ಎತ್ತಿ ನೋಡಿ, ಅವನೇ ಬೇರೆ ಕಡೆ ಮುಖ ತಿರುಗಿಸಿ, “ನಡೀತದೆ,” ಎಂದ. ಆಮೇಲೆ, “ನಿಮ್ಮಮ್ಮಂಗೆ ನಾನೇ ಹೇಳ್ತೀನಿ. ಅಲ್ಲೀಗಂಟ ನೀನು ಹೇಳ್ಬ್ಯಾಡ. ನೀನು ದೊಡ್ಡೋಳಾಗಿದೀಯ ಮಗಾ, ನಿನ್ ಮ್ಯಾಲೆ ನಂಗೆ ನಂಬ್ಕೆ ಐತೆ.”

ನನಗೋ ಹೆಮ್ಮೆ! ದಿನಾ ಬಟ್ಟೆ ತಿರುವಿ ನೋಡಿಸಿಕೊಂಡು ಬೆಳೆದವಳಿಗೆ ಒಬ್ಬರು ನಂಬಿಕೆ ಎಂದರೆ ಇನ್ನೇನು ಬೇಕು? ಅಪ್ಪನ ಬಲಗೈ ಮುಟ್ಟಿ ಮಾತು ಕೊಟ್ಟೆ.

ವಾಪಸು ಬರುವಾಗ ಬಸ್ಸು ದಾರಿಯಲ್ಲಿ ಕೆಟ್ಟು ತುಂಬಾ ತಡವಾಯಿತು. ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ಚೀಲ ಇಳಿಸಿಕೊಂಡಳು. ಪಟ್ಟಿಯ ಮೇಲೆ ಬೆರಳು ಆಡಿಸಿದಳು. ಬೆರಳು ನಿಂತಿತು.

“ಇದನ್ನ ಯಾರು ಹೊಲ್ದಾರ?”

“ಬಸ್ಸಿನಾಗ ಹರೀತು. ಪಾವಗಡ ಬಸ್‌ಸ್ಟ್ಯಾಂಡಿನಾಗ ಹೊಲ್ಸಿದೆ.”

“ಬಸ್‌ಸ್ಟ್ಯಾಂಡಿನ ಟೇಲರು ಜೀನ್ಸಿನ ದಾರ ಇಟ್ಟಿರ್ತಾನೇನು?”

ಅವ್ವ ಬಲ್ಬಿನ ಕೆಳಗೆ ಪಟ್ಟಿ ಹಿಡಿದು ಡೊಂಕು ಹೊಲಿಗೆಯನ್ನು ಕಣ್ಣಿಗೆ ತಂದುಕೊಂಡು ನೋಡಿದಳು. “ಕಲಿಯೋ ಹುಡುಗರ ಹೊಲಿಗಿ ಇದು. ಬಟ್ಟಿ ಹಿಡಿಯಾಕೂ ಬರಂಗಿಲ್ಲ ಅವಗ. ಬಸ್ ಇಳದು ಯಾವ ಶೆಡ್ಡಿಗಿ ಹೋಗಿದ್ದಿ? ಯಾರವ?”

ಯಾರವ! ಅವ್ವ ಕೇಳಿದ್ದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಓಣಿಗೇ ಮೊದಲಿಗನ ಹೊಲಿಗೆಯನ್ನು, ತನಗೆ ಮಷಿನ್ ಕಲಿಸಿದವನ ಹೊಲಿಗೆಯನ್ನು, ಅವ್ವ ಮೀಸೆ ಬಾರದ ಯಾವನೋ ಹುಡುಗನದು ಎಂದುಕೊಂಡಿದ್ದಳು.

“ಹುಡುಗ ಅಲ್ಲವ್ವಾ.”

“ಮತ್ತ ಯಾರು?”

“ಕೇಳಬ್ಯಾಡ.”

ಮರುದಿನ ಅವ್ವ ಮಾಡಿದ ಕೆಲಸ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಚೀಲವನ್ನು ಸೆರಗಿನೊಳಗೆ ಇಟ್ಟುಕೊಂಡು ಶೆಡ್ಡಿನಿಂದ ಶೆಡ್ಡಿಗೆ ಹೋದಳು. ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ “ಈ ಕುಟ್ಟು ಎವರಿದಿ?” ಎಂದು ತೆಲುಗಿನಲ್ಲಿ, ಈ ಹೊಲಿಗೆ ಯಾರದು ಎಂದು ಕೇಳಿದಳು. ಕಲಿಯುವ ಹುಡುಗರನ್ನೆಲ್ಲ ಕೂರಿಸಿ ಚಿಂದಿಯ ಮೇಲೆ ಹೊಲಿಸಿ ಚೀಲದ ಪಟ್ಟಿಗೆ ಹಿಡಿದು ನೋಡಿದಳು. ಯಾರದೂ ಹೊಂದಲಿಲ್ಲ. ಆದರೆ ಹೊಲಿಗೆ ಹೊಂದದಿದ್ದರೇನು, ಸುದ್ದಿ ಹೊರಟಿತು. ಸಂಜೆಯೊಳಗೆ ನಾನು ಯಾವನದೋ ಜೊತೆ ಓಡಾಡುವವಳು ಎಂದು ಓಣಿಗೆಲ್ಲ ಗೊತ್ತಾಯಿತು. ಪಕ್ಕದ ಮನೆಯ ಗೆಳತಿ ಕಿಟಕಿಯಲ್ಲಿ ನಿಂತು, “ಯಾರಲೇ ಅವ, ನನಗಾದ್ರೂ ಹೇಳಲೇ,” ಎಂದಳು. ಅವಳಿಗೆ ಅಸೂಯೆಯೂ ಇತ್ತು!

ಅವ್ವ ಬಂದು ಚೀಲವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. “ಹೆಸರು ಹೇಳು, ನಾಳಿ ಸಾಲಿಗಿ ಹೋಗು. ಹೇಳ್ಲಿಲ್ಲ ಅಂದ್ರ ಪರೀಕ್ಷಾನೂ ಬ್ಯಾಡ, ಏನೂ ಬ್ಯಾಡ. ನಮ್ಮಣ್ಣನ ಮಗ ಅದಾನ, ಈ ಬ್ಯಾಸಗ್ಯಾಗ ಅಕ್ಕಿಕಾಳು ಹಾಕಿ ಕೈ ತೊಳ್ಕೊಂತೀನಿ.”

ಅವ್ವ ಸುಮ್ಮನೆ ಹೆದರಿಸುವವಳಲ್ಲ. ಪಬ್ಲಿಕ್ ಪರೀಕ್ಷೆಗೆ ಇನ್ನು ಹೆಚ್ಚು ದಿನ ಇರಲಿಲ್ಲ. ನನ್ನ ಇಡೀ ಓದು ಒಂದು ಹೆಸರಿನ ಮೇಲೆ ನಿಂತಿತ್ತು, ಆ ಹೆಸರು ಅವಳ ಗಂಡನದು, ನಾನು ಹೇಳುವ ಹಾಗಿರಲಿಲ್ಲ. ಅವ್ವ ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ತನ್ನ ಕಾಲಬುಡದಲ್ಲಿ ಕೂರಿಸಿ, ಪ್ಯಾಂಟುಗಳ ದಾರ ಕತ್ತರಿಸುವ ಕೆಲಸಕ್ಕೆ ಹಚ್ಚಿದಳು. ಶಾಲೆಯ ಬೆಲ್ಲು ಅಲ್ಲಿಗೆ ಕೇಳಿಸುತ್ತಿತ್ತು. ಕೇಳಿಸಿದಾಗೆಲ್ಲ ಕತ್ತರಿ ತಪ್ಪುತ್ತಿತ್ತು.

ನಾನು ಭಾನುವಾರಕ್ಕೆ ಕಾದೆ. ಭಾನುವಾರ ಅಪ್ಪ ಫೋನು ಮಾಡುತ್ತಾನೆ, ಅವ್ವ ಹೇಳುತ್ತಾಳೆ, ಅಪ್ಪ ಆ ಕ್ಷಣದಲ್ಲೇ ‘ಅಯ್ಯೋ ಅದು ನಾನು ಕಣೇ’ ಎನ್ನುತ್ತಾನೆ. ಅಷ್ಟಕ್ಕೆ ಮುಗಿಯುತ್ತದೆ. ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಫೋನು ಬಂತು. ಅವ್ವ ಸ್ಪೀಕರಿಗೆ ಹಾಕಿ ಎಲ್ಲ ಹೇಳಿದಳು, ಜೀನ್ಸ್ ದಾರ, ಕಲಿಯುವ ಹುಡುಗ, ಶೆಡ್ಡು ಶೆಡ್ಡು ಸುತ್ತಿದ್ದು, ಶಾಲೆ ಬಿಡಿಸಿದ್ದು, ಅಣ್ಣನ ಮಗ. “ಕೇಳಾಕತ್ತೀರೇನ್ರಿ? ನಿಮ್ಮ ಮಗಳಿಗೆ ನೀವಾದ್ರೂ ಕೇಳ್ರಿ.”

ನಾನು ಫೋನಿನ ಹತ್ತಿರಕ್ಕೆ ಸರಿದೆ. ಆಮೇಲೆ, “ಅವ್ಳು ಅಂಥೋಳಲ್ಲ ಬಿಡು,” ಎಂಬ ದನಿ ಬಂತು.

“ಅಂಥಾಕಿ ಅಲ್ಲ ಅಂದ್ರ ಎಂಥಾಕಿ? ಈ ಹೊಲಿಗಿ ಯಾರ್ದು ಹಂಗಾರ?”

“ಚಾರ್ಜ್ ಇಲ್ಲ ಕಣೆ. ಆಮ್ಯಾಲೆ ಮಾಡ್ತೀನಿ.” ಫೋನು ಕಟ್ಟಾಯಿತು.

ನಾನು ಫೋನನ್ನೇ ನೋಡುತ್ತಾ ಕೂತೆ. ಅಪ್ಪನ ಎರಡು ಬೆರಳು ಇಲ್ಲದ್ದು ನೋಡಿದಾಗಲೂ ನನಗೆ ಇಂಥ ಏಟು ಬಿದ್ದಿರಲಿಲ್ಲ. ನನ್ನ ಮೇಲೆ ನಂಬಿಕೆ ಇದೆ ಎಂದನಲ್ಲ, ಆ ನಂಬಿಕೆಯ ಅರ್ಥ ಇದೇ ಏನು? ತನ್ನ ಮಾನದ ಮೂಟೆಯನ್ನು ನನ್ನ ತಲೆಗೆ ಹೊರಿಸಿ ತಾನು ಬಂಡೆಯ ಮೇಲೆ ಕೂರುವುದು? ಆಗಲೇ ಎಲ್ಲ ಒದರಿಬಿಡಬೇಕು ಎನ್ನಿಸಿತು. ಬಾಯಿ ತೆರೆದೆ. ಬೆವರು ಇಳಿಸಿಕೊಂಡು ಆ ಪಟ್ಟಿ ಹೊಲಿಯುತ್ತಿದ್ದ ಮುಖ ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿದೆ. ಸಿಟ್ಟಿಗೆ ಅಳು ಬಂತು. ಅವ್ವ ಆ ಅಳುವನ್ನೂ ತಪ್ಪಾಗಿ ಓದಿದಳು.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ಬಂದಾಗ ಅವ್ವ ಟ್ರಂಕು ತೆಗೆದಳು. “ಆ ಹೊಲಿಗಿ ನನ್ನ ಮನ್ಯಾಗ ಇರಾಕ ಬ್ಯಾಡ,” ಎಂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬ್ಲೇಡಿನಿಂದ ಬಿಚ್ಚತೊಡಗಿದಳು. ಚರ್ರ್ ಚರ್ರ್ ಎಂದು ದಾರ ಬಿಡುತ್ತಿತ್ತು. ಅರ್ಧ ಬಿಚ್ಚಿದ್ದಳು. ಪಟ್ಟಿಯೊಳಗಿನ ಜೀನ್ಸ್ ತುಂಡು ಹೊರಗೆ ಇಣುಕಿತು. ಅವ್ವ ಅದನ್ನು ಎಳೆದು ನೋಡಿದಳು. ಅಂಚು ಒಳಕ್ಕೆ ಮಡಚಿ, ಹೆಗಲು ತಾಗುವ ಕಡೆ ದಪ್ಪ ಬರುವಂತೆ ಇಟ್ಟದ್ದು.

“ಕಲಿಯೋ ಹುಡುಗಗ ಇಷ್ಟು ಬುದ್ಧಿ ಎಲ್ಲಿಂದ ಬಂತು?” ಎಂದು ತನಗೆ ತಾನೇ ಹೇಳಿಕೊಂಡಳು. ಪಟ್ಟಿಯ ಇನ್ನೊಂದು ತುದಿಯನ್ನು ಹತ್ತಿರ ತಂದಳು. ಅಲ್ಲಿ, ಪಟ್ಟಿಯ ಮಡಿಕೆಯ ಒಳಬದಿಗೆ, ಅಷ್ಟು ಡೊಂಕು ಹೊಲಿಗೆಯ ಕೊನೆಗೆ, ಓರೆಯಾಗಿ ಅಡ್ಡಕ್ಕೆ ಒಂದು ಚಿಕ್ಕ ಹೊಲಿಗೆ ಕೂತಿತ್ತು.

ಅವ್ವನ ಕೈಯಿಂದ ಬ್ಲೇಡು ಜಾರಿತು. ಅವಳು ನನ್ನ ಕಡೆ ನೋಡಲಿಲ್ಲ. ಎದ್ದು ಮನೆಯ ಮೂಲೆಯಲ್ಲಿದ್ದ ಮಷಿನ್ನಿಗೆ ಕೂತಳು. ಒಂದು ಚಿಂದಿ ಇಟ್ಟು, ಎಡಗೈಯ ಕಿರುಬೆರಳು ಮಡಚಿಕೊಂಡು ಹೊಲಿದಳು. ಚೀಲದ ಪಟ್ಟಿಯ ಪಕ್ಕ ಹಿಡಿದು ನೋಡಿದಳು, ಹೊಂದಲಿಲ್ಲ. ಹೆಬ್ಬೆರಳು ಮಡಚಿ ಹೊಲಿದಳು. ಅದೂ ಅಲ್ಲ. ತೋರುಬೆರಳು ಮಡಚಿ ಹೊಲಿದಳು. ಹತ್ತಿರ ಬಂತು. ಅವಳು ಏನು ಮಾಡುತ್ತಿದ್ದಾಳೆ ಎಂದು ನನಗೆ ಆಗ ಹೊಳೆಯಿತು. ತೋರುಬೆರಳಿನ ಜೊತೆ ನಡುಬೆರಳನ್ನೂ ಮಡಚಿ, ಅಂಗೈ ಅಂಚಿನಿಂದ ಬಟ್ಟೆ ಒತ್ತಿ ಹೊಲಿದಳು. ಚಿಂದಿಯ ಮೇಲೆ ಅದೇ ಹೊಲಿಗೆ ಬಿತ್ತು, ಅದೇ ಡೊಂಕು, ಅದೇ ಜಾರು.

ಆಮೇಲೆ ಅವ್ವ ನನ್ನ ಕಡೆ ತಿರುಗಿದಳು. ಬೆರಳು ಇನ್ನೂ ಮಡಚೇ ಇದ್ದವು. ಆ ಕೈಯನ್ನು ಎತ್ತಿ ತೋರಿಸಿ, “ಈ ಎರಡು ಬಟ್ಟು ಹೋಗ್ಯಾವೇನು?” ಎಂದಳು.

ನಾನು ಮಾತು ಕೊಟ್ಟದ್ದು ಹೇಳುವುದಿಲ್ಲ ಎಂದು. ತಲೆಯಾಡಿಸುವುದಿಲ್ಲ ಎಂದೇನೂ ಹೇಳಿರಲಿಲ್ಲ. ತಲೆಯಾಡಿಸಿದೆ.

“ಅತ್ತಿ ಊರಾಗ ಅದಾರ?”

ಮತ್ತೆ ತಲೆಯಾಡಿಸಿದೆ.

ಅವ್ವ ಅಳುತ್ತಾಳೆ ಎಂದುಕೊಂಡೆ. ಅವಳು ಅತ್ತದ್ದು ಎಷ್ಟೋ ದಿನದ ಮೇಲೆ. ಆಗ ಅವಳ ಮುಖ ಕೆಂಪಾಯಿತು. “ಬಟ್ಟು ಹೋದ್ರ ಹೋಗ್ಲಿ. ನಾ ಹುಡುಗಿ ಮಾನ ಹಿಡ್ಕೊಂಡು ಶೆಡ್ಡು ಶೆಡ್ಡು ತಿರಿಗ್ಯಾಡೀನಿ ಅಂತ ಹೇಳಿದ್ನಲ್ಲ, ಆವಾಗೂ ಬಾಯಿ ಬಿಡ್ಲಿಲ್ಲಲ್ಲ ಈ ಮನಷ್ಯಾ!” ಎಂದು ಫೋನು ತೆಗೆದು, ಸಿಗ್ನಲು ಸಿಗುವವರೆಗೂ ಬಿಡದೆ ಒತ್ತಿದಳು. ಅವನು ಎತ್ತಿದ ಕೂಡಲೇ ಹೇಳಿದಳು: “ಆ ಕುರಿ ನಿಮ್ಮವ್ವಗ ಒಪ್ಪಿಸಿ ನಾಳಿ ಬಸ್ಸಿಗಿ ಬರ್ರಿ.” ಆ ಕಡೆ ಕುರಿಯೊಂದು ಅರಚಿದ್ದು ನನಗೂ ಕೇಳಿಸಿತು.

ಅಪ್ಪ ಮರುದಿನ ಮಧ್ಯಾಹ್ನ ಬಂದ. ಕೈಗೆ ಟವೆಲು ಸುತ್ತಿಯೇ ಇತ್ತು. ಅವ್ವ ನೀರು ಕೊಟ್ಟಳು. ಟವೆಲು ತಾನೇ ಬಿಚ್ಚಿ, ಆ ಕೈಯನ್ನು ಮಗುಚಿ ಮಗುಚಿ ನೋಡಿ, ತನ್ನ ಹಣೆಗೆ ಒತ್ತಿಕೊಂಡಳು. ನಾನು ದೂರ ನಿಂತಿದ್ದೆ.

“ಫೋನಿನಾಗ ಯಾಕ ಹೇಳ್ಲಿಲ್ಲಪ್ಪಾ?” ಎಂದೆ. ಮೆತ್ತಗೆ ಕೇಳಬೇಕು ಎಂದುಕೊಂಡಿದ್ದೆ, ಕೂಗಿಯೇಬಿಟ್ಟೆ.

ಅಪ್ಪ ನನ್ನ ಕಾಲು ನೋಡುತ್ತಾ, “ಹೆದ್ರಿಕೆ ಆಯ್ತು ಮಗಾ,” ಎಂದ.

ಅಪ್ಪಂದಿರಿಗೂ ಹೆದರಿಕೆಯಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಬೆಪ್ಪಾಗಿ ನಿಂತೆ. ಅವ್ವ ಮಾತ್ರ ನಿಲ್ಲಲಿಲ್ಲ. ಅರ್ಧ ಬಿಚ್ಚಿದ್ದ ಚೀಲವನ್ನು ಎತ್ತಿಕೊಂಡು, “ನಡೀರಿ,” ಎಂದಳು.

“ಎಲ್ಲಿಗೆ?”

“ನಾ ಎಲ್ಲೆಲ್ಲಿ ಹೋಗಿದ್ನೋ ಅಲ್ಲಿಗೆಲ್ಲ.”

ಅಪ್ಪನ ಮುಖ ಬಿಳಿಚಿತು. ಆ ಶೆಡ್ಡುಗಳಲ್ಲಿ ಅವನನ್ನು ಮೇಷ್ಟ್ರು ಎಂದು ಕರೆಯುತ್ತಿದ್ದರು. “ಬ್ಯಾಡ ಕಣೆ,” ಎಂದ. “ಅಕಿಗೂ ಬ್ಯಾಡಾಗಿತ್ತು,” ಎಂದಳು ಅವ್ವ.

ಹೋದೆವು. ಅವ್ವ ಮುಂದೆ, ಹಿಂದೆ ಅಪ್ಪ, ಅವನ ಹಿಂದೆ ನಾನು. ಮೊದಲ ಶೆಡ್ಡಿನೊಳಗೆ ಕಾಲಿಟ್ಟಾಗ ಮಷಿನ್ನುಗಳು ಒಂದೊಂದಾಗಿ ನಿಂತವು. “ಬರ್ರಿ ಮೇಷ್ಟ್ರೇ, ಯಾವಾಗ ಬಂದ್ರಿ?” ಎಂದು ಯಜಮಾನ ಎದ್ದ. ಅವ್ವ ಚೀಲವನ್ನು ಅವನ ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿದಳು. ಅಪ್ಪ ಒಂದು ಸಲ ಹೊಸ್ತಿಲ ಕಡೆ ನೋಡಿದ, ಒಂದು ಸಲ ನನ್ನ ಕಡೆ ನೋಡಿದ. ಆಮೇಲೆ ಆ ಕೈಯನ್ನು ಎಲ್ಲರಿಗೂ ಕಾಣುವಂತೆ ಚೀಲದ ಪಟ್ಟಿಯ ಮೇಲಿಟ್ಟ.

“ಈ ಹೊಲಿಗೆ ನಂದು. ನನ್ ಮಗಳ ಚೀಲ, ನಾನೇ ಹೊಲ್ದಿದ್ದು,” ಎಂದ.

ಯಜಮಾನ ಪಟ್ಟಿ ಮಗುಚಿ, ಕೊನೆಯ ಅಡ್ಡ ಹೊಲಿಗೆ ನೋಡಿ, “ಹೌದ್ರಿ, ನಿಮ್ಮದೇ,” ಎಂದು ಕುರ್ಚಿ ಎಳೆದು ಕೂರಿಸಹೋದ. ಅಪ್ಪ ಕೂರಲಿಲ್ಲ, ಇನ್ನೂ ಶೆಡ್ಡುಗಳು ಉಳಿದಿದ್ದವು. ಒಂದನ್ನೂ ಬಿಡದೆ ಎಲ್ಲ ಕಡೆಯೂ ಅದೇ ಮಾತು ಹೇಳಿದ. ಕೊನೆಕೊನೆಗೆ ಅವ್ವ ಚೀಲ ಇಡುವ ಮೊದಲೇ ಅವನೇ ಕೈ ಮುಂದೆ ಚಾಚುತ್ತಿದ್ದ.

ಕೊನೆಯ ಶೆಡ್ಡಿನಿಂದ ಹೊರಬಂದಾಗ ಶಾಲೆಯ ಬೆಲ್ಲು ಕೇಳಿಸಿತು. ಅವ್ವ ಚೀಲವನ್ನು ನನ್ನ ಕೈಗೆ ಕೊಟ್ಟು, “ಇನ್ನೂ ಪಾಠ ಅದಾವ, ಸಾಲಿಗಿ ನಡಿ,” ಎಂದಳು. ಬಟ್ಟೆ ತಿರುವಿ ನೋಡಲಿಲ್ಲ, ಯಾವ ರಸ್ತೆಯಲ್ಲಿ ಹೋಗಬೇಕು ಎಂದೂ ಹೇಳಲಿಲ್ಲ. ಬಿಚ್ಚಿದ ಪಟ್ಟಿ ಜೋತಾಡುತ್ತಿತ್ತು. ಅದನ್ನು ಹೊಲಿಯುವಷ್ಟು ಪುರುಸೊತ್ತು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಚೀಲವನ್ನು ಎದೆಗೆ ಅವುಚಿಕೊಂಡು ನಾನು ಓಡಿದೆ.